ಕೋಡಿಯ ಬಲೆಮನೆಯಲ್ಲಿ ಅಪ್ಪಿಯ ಜಾಗ

ಅಪ್ಪಿ ಬಲೆಮನೆಯ ಬಾಗಿಲಿಗೆ ಬಂದಾಗ ಒಳಗೆ ಇಸ್ಪೀಟು ನಡೆಯುತ್ತಿತ್ತು. ಬಾಗಿಲಿಗೂ ಗಂಡಸರು ಕೂತ ಚಾಪೆಗೂ ನಡುವೆ ಸುತ್ತಿಟ್ಟ ಬಲೆಯೊಂದು ಅಡ್ಡ ಬಿದ್ದಿತ್ತು. ಹೆಂಗಸು ಬಲೆ ದಾಟಿದರೆ ಅದಕ್ಕೆ ಮೀನು ಬೀಳುವುದಿಲ್ಲವೆಂದು ಆ ಬಲೆಮನೆಯಲ್ಲಿ ನಂಬಿಕೆ. ಅಪ್ಪಿ ಬಗ್ಗಿ, ಬಲೆಯ ಒಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಎಳೆದಳು. ತೆರವಾದ ನೆಲದ ಮೇಲೆ ನಡೆದು ಒಳಗೆ ಬಂದಳು.

"ಎಂತ ಅಪ್ಪಿ ಇದ್?" ಸುಬ್ಬ ಕೇಳಿದ.

"ದಾಟ್ಲಿಲ್ಲ, ಸರ್ಸದ್ದ್. ನಂಗೂ ಎಲಿ ಹಾಕಿ. ನಾನೂ ಆಡ್ತೆ."

ಚಾಪೆಯವರೆಲ್ಲ ನಕ್ಕರು. ಸುಬ್ಬ ನಗಲಿಲ್ಲ. ಬಹಳ ವರ್ಷ ದೋಣಿಯ ತಂಡೇಲನಾಗಿ ಹತ್ತಾರು ಜನರನ್ನು ಕಡಲಿಗೆ ಕರೆದೊಯ್ದವನು ಅವನು. ದಡಕ್ಕೆ ಬಂದ ಮೇಲೂ ಅವನ ಮಾತೇ ಕೊನೆ. ಬಲೆಮನೆಯ ನಡುಗಂಬಕ್ಕೆ ಒರಗಿ, ಕಡಲ ಗಾಳಿ ನೇರ ಬಂದು ತಾಗುವ ಜಾಗ ಅವನದು. ಅಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಅಪ್ಪಿಯನ್ನು ಆ ಬಾಗಿಲಿಗೆ ತಂದದ್ದು ಅವಳ ಮೊಣಕಾಲು. ಬೀಜಾಡಿಯಲ್ಲಿ ಹುಟ್ಟಿ ಕೋಡಿಗೆ ಮದುವೆಯಾಗಿ ಬಂದವಳು, ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಬುಟ್ಟಿ ಹೊತ್ತಳು. ಕೆರಾಡಿಯವರೆಗೂ ಬಸ್ಸಿನಲ್ಲಿ ಹೋಗಿ ಮೀನು ಮಾರಿದಳು. ಒಮ್ಮೆ ಕಂಡಕ್ಟರೊಬ್ಬ ವಾಸನೆಯೆಂದು ಬುಟ್ಟಿಯನ್ನು ರಸ್ತೆಗೆ ಇಳಿಸಿದಾಗ ಬಸ್ಸಿನೆದುರು ಕಾಲು ನೀಡಿ ಕೂತಳು. ಬುಟ್ಟಿ ಬಸ್ಸಿಗೆ ಹತ್ತಿದ ಮೇಲೆಯೇ ಎದ್ದಳು. ಈಗ ಮೊಣಕಾಲು ಸವೆದು ವ್ಯಾಪಾರ ನಿಂತಿತ್ತು. ಮಗ ಪ್ರವೀಣ, ಸೊಸೆ ಸ್ವಾತಿ ಒಳ್ಳೆಯವರು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ. ಅವಳ ಜೊತೆಯಲ್ಲೇ ಮುದುಕರಾದ ಗಂಡಸರಿಗೆ ಬಲೆಮನೆಯ ಚಾಪೆ ಇತ್ತು, ನಗು ಇತ್ತು, ಜಗಳ ಇತ್ತು. ಅವಳಿಗೆ ಟಿವಿ ಮತ್ತು ಹೊಸ್ತಿಲು. ಈ ಏರ್ಪಾಡು ಸರಿಯಲ್ಲ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಆ ಮಳೆಗಾಲ ಚಾಪೆಯ ಮೇಲೆ ಹೊಸ ಆಟ ಬಂದಿತ್ತು: ಪೋಕರ್. ತಂದವನು ಅಪ್ಪಿಯ ನಾದಿನಿಯ ಮಗ ರತನ್. ಗೋವಾದ ಕ್ಯಾಸಿನೊ ಹಡಗೊಂದರಲ್ಲಿ ಎಲೆ ಹಂಚುವ ಕೆಲಸದವನು, ರಜೆಯಲ್ಲಿ ಊರಿಗೆ ಬಂದಿದ್ದ. ದೋಣಿಗಳು ಕಡಲಿಗೆ ಇಳಿಯದ ತಿಂಗಳುಗಳಲ್ಲಿ ಗಂಡಸರಿಗೂ ಹೊಸದೊಂದು ಬೇಕಿತ್ತು. ಹಣ ಇಟ್ಟು ಆಡುವುದಿಲ್ಲವೆಂದು ರತನ್ ಮೊದಲೇ ಹೇಳಿ, ಪಣಕ್ಕೆ ಹುಣಸೆಬೀಜ ಹಂಚಿದ್ದ.

"ಇದ್ ನಿನ್ನ ಬಂಗ್ಡಿ ಯಾಪಾರ ಅಲ್ಲ, ಕಲ್ತ್ಕಂಡ್ ಬಾ," ಎಂದ ಸುಬ್ಬ. "ಬೆಸ್ತ್ವಾರ ನನ್ನೊಟ್ಟಿಗೆ ಆಡ್. ಬೀಜ ಖಾಲಿ ಆದ್ರೆ ಮತ್ತೆ ಈ ಬಾಗ್ಲಿಗೆ ಬಪ್ಪುಕಿಲ್ಲ."

"ನಿಂದ್ ಖಾಲಿ ಆದ್ರೆ?"

ಸುಬ್ಬ ಸುತ್ತ ನೋಡಿ, ಬೆನ್ನ ಹಿಂದಿನ ಕಂಬ ತಟ್ಟಿದ. "ನನ್ನ ಜಾಗದಂಗೆ ನೀ ಕೂಕೋ. ಆಯ್ತಾ?"

"ಆಯ್ತ್. ಬೆಸ್ತ್ವಾರ ಬತ್ತೆ."

ಮರುದಿನ ಬೆಳಿಗ್ಗೆಯೇ ಅವಳು ರತನನನ್ನು ತನ್ನ ಜಗಲಿಯಲ್ಲಿ ಕೂರಿಸಿದಳು.

"ಕಾಣ್ ಅತ್ತೆ," ಎಂದ ಅವನು. "ನಿನ್ನ ಕೈಯಂಗೆ ಎರಡ್ ಎಲಿ, ಯಾರಿಗೂ ತೋರ್ಸುಕಿಲ್ಲ. ನಡುವಂಗೆ ಐದ್, ಅದ್ ಎಲ್ಲರದ್ದೂ. ಮೊದ್ಲ್ ಮೂರ್ ಬಿಚ್ಚುದ್, ಆಮೇಲೆ ಒಂದ್, ಕಡೀಗೆ ಇನ್ನೊಂದ್. ಒಟ್ಟ್ ಏಳರಂಗೆ ಒಳ್ಳೆ ಐದ್ ಆರ್ಸ್ಕಂಬುದ್."

"ಐದ್ ಎಲ್ಲರ ಕಣ್ಣಿಗೆ ಬಿದ್ದ ಮೀನ್. ಎರಡ್, ಬುಟ್ಟಿ ಅಡಿಯಂಗೆ ಇಪ್ಪುದ್."

"ಹಾಂಗೇ ಅಂದ್ಕೋ."

ಪ್ರತಿ ಸಲ ಎಲೆ ಬಿಚ್ಚಿದಾಗಲೂ ಆಟಗಾರ ಬೀಜ ಇಡಬಹುದು, ಎದುರಿನವ ಇಟ್ಟಷ್ಟೇ ಇಡಬಹುದು, ಇಲ್ಲವೇ ಏರಿಸಬಹುದು. ಬೇಡವೆಂದರೆ ಎಲೆ ಮಡಚಿ ಹೊರಗುಳಿಯಬಹುದು. ಆಗ ಅಲ್ಲಿಯವರೆಗೆ ಇಟ್ಟ ಬೀಜವಷ್ಟೇ ಹೋಗುತ್ತದೆ. ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಮೀನಿನ ಏಲಂನಲ್ಲಿ ಬೆಲೆ ಏರಿಸಿದವಳಿಗೆ, ಏರಿಸದೆ ತಿರುಗಿ ನಡೆದವಳಿಗೆ, ಅದು ಗೊತ್ತಿದ್ದ ಸಂಗತಿ.

ಕಷ್ಟವಾದದ್ದು ಎಲೆಗಳ ಮೇಲು ಕೀಳು. ಅದಕ್ಕೆ ಅಪ್ಪಿ ತನ್ನದೇ ದಾರಿ ಮಾಡಿಕೊಂಡಳು: ಅಗ್ಗದ ಮೀನಿನಿಂದ ದುಬಾರಿ ಮೀನಿನವರೆಗೆ ಒಂದೊಂದಕ್ಕೆ ಒಂದೊಂದು ಹೆಸರು. ಒಂದು ಜೋಡಿಯೆಂದರೆ ಬೈಗೆ, ಎರಡು ಜೋಡಿಯೆಂದರೆ ಬಂಗುಡೆ. ಒಂದೇ ಅಂಕಿಯ ಮೂರು ಎಲೆ ಬಂದರೆ ನಂಗು. ಏಳು ಎಂಟು ಒಂಬತ್ತು ಎಂದು ಐದೆಲೆ ಸಾಲಾಗಿ ನಿಂತರೆ ಕಾಣೆ. ಸಾಲಿಲ್ಲದಿದ್ದರೂ ಐದೂ ಒಂದೇ ಬಣ್ಣದವಾದರೆ, ಐದೂ ಆಟೀನು ಎಂಬ ಹಾಗೆ, ಅಂಜಲ್. ಮೂರು ಮತ್ತು ಜೋಡಿ ಕೂಡಿ ಬಂದರೆ ಮಾಂಜಿ. ಅದಕ್ಕಿಂತ ಮೇಲಿನವು ತನ್ನ ಬುಟ್ಟಿಗೆ ಎಂದೂ ಬಿದ್ದಿಲ್ಲ, ಬಿದ್ದಾಗ ನೋಡೋಣ ಎಂದಳು.

"ಒಂದ್ ಮಾತ್ ನೆನಪಿಟ್ಕೋ," ಎಂದ ರತನ್. "ನಮ್ಮವ್ರ್ ಯಾವಾಗ್ಲೂ ಆಡು ತೀನ್ ಪತ್ತಿಯಂಗೆ ಸಾಲ್ ಮೇಲೆ, ಬಣ್ಣ ಕೆಳಗೆ. ಇಲ್ಲಿ ಅದ್ ಉಲ್ಟಾ, ಬಣ್ಣವೇ ಮೇಲೆ. ಮೊದ್ಲನೇ ದಿನವೇ ಹೇಳಿದ್ದೆ, ನಮ್ಮವ್ರ ತಲೆಗೆ ಹೋತಿಲ್ಲ."

"ನಂಗೆ ತೀನ್ ಪತ್ತಿ ಬತ್ತಿಲ್ಲ. ಯಾರ್ ಕಲ್ಸಿರ್?"

ಬುಧವಾರ ಪ್ರವೀಣ ತಾಯಿಯ ಎದುರು ಬಂದು ನಿಂತ. "ಅಬ್ಬೆ, ನೀನ್ ಇಸ್ಪೀಟ್ ಆಡುಕೆ ಹೋದ್ರೆ ಊರವ್ರ್ ಎಂತ ಹೇಳುದಿಲ್ಲ?"

"ಬಸ್ಸಿನ ಎದ್ರ್ ಕೂತಾಗ್ಲೂ ಹೇಳಿರ್. ಆ ಬಸ್ಸಂಗೆ ಮೀನ್ ಕೊಂಡೋಯೇ ನಿನ್ನ ಶಾಲಿಗ್ ಕಳ್ಸದ್ದ್."

ಸ್ವಾತಿ ಒಳಗೆ ಬಾಯಿಗೆ ಸೆರಗು ಹಿಡಿದು ನಕ್ಕಳು.

ಗುರುವಾರ ಮಧ್ಯಾಹ್ನ ಬಲೆ ಮತ್ತೆ ಅಡ್ಡ ಬಿದ್ದಿತ್ತು. ಅಪ್ಪಿ ಮತ್ತೆ ಸರಿಸಿದಳು. ಚಾಪೆಯ ಮೇಲೆ ಸುಬ್ಬ, ರಂಪಣಿ ಬಲೆಯ ಪ್ರೇಮಾನಂದ, ಅಪ್ಪಿ. ಎಲೆ ಹಂಚಲು ರತನ್. ನೋಡಲು ಸುತ್ತ ಜನ ನಿಂತಿದ್ದರು.

ಮೊದಮೊದಲು ಅಪ್ಪಿ ಎಲೆ ನೋಡುವುದು, ಮಡಚುವುದು, ಇಷ್ಟೇ ಮಾಡಿದಳು.

"ರತನಾ, ಇವ್ಳಿಗೆ ಬರೀ ಬಿಡುಕ್ ಕಲ್ಸಿದ್ಯಾ?" ಸುಬ್ಬ ದೊಡ್ಡ ದನಿಯಲ್ಲಿ ಕೇಳಿದ. "ಹೆದ್ರಿಕೆ ಆದ್ರೆ ಹೇಳ್ ಅಪ್ಪಿ, ಮನಿಗೆ ಬಿಟ್ಟಿಕ್ ಬಪ್ಪ."

"ಕೊಳ್ತ ಮೀನ್ ಬಿಡುಕೆ ಹೆದ್ರಿಕೆ ಎಂತಕೆ?"

ಸುಬ್ಬ ಕೂಗಾಡಿದಾಗಲೆಲ್ಲ ಅವಳು ಬೀಜ ಏರಿಸಿದಳು. ಏರಿಸಿದಾಗಲೆಲ್ಲ ಅವನು ಮಡಚಿದ. ದಡದ ಏಲಂನಲ್ಲಿ ಅವಳು ಇವನ ಮೀನನ್ನು ವರ್ಷಗಟ್ಟಲೆ ಕೊಂಡಿದ್ದಳು. ಮೇಲೆ ದಪ್ಪ ಮೀನು ಹರಡಿ ಅಡಿಯಲ್ಲಿ ಪುಡಿಮೀನು ತುಂಬಿದ ದಿನ ಸುಬ್ಬನ ಗಂಟಲು ಕೋಡಿಯ ತುದಿಗೂ ಕೇಳುತ್ತಿತ್ತು. ಬುಟ್ಟಿ ಅಡಿಯವರೆಗೂ ಒಳ್ಳೆಯದಿದ್ದ ದಿನ ಅವನು ಹೆಗಲ ಮೇಲಿನ ಬೈರಾಸಿನ ಅಂಚು ಮಡಚುತ್ತ ಸುಮ್ಮನೆ ನಿಲ್ಲುತ್ತಿದ್ದ. ಚಾಪೆಯ ಮೇಲೂ ಅವನು ಅದೇ ಸುಬ್ಬ. ಸ್ವಲ್ಪ ಹೊತ್ತಿನಲ್ಲಿ ಅವನ ರಾಶಿಗಿಂತ ಅವಳ ರಾಶಿ ದೊಡ್ಡದಾಯಿತು.

ಆಮೇಲೆ ಅವಳ ಕೈಗೆ ಆಟೀನಿನ ರಾಜ ಮತ್ತು ಆಟೀನಿನ ಐದು ಬಂದವು. ರತನ್ ನಡುವೆ ಮೂರು ಎಲೆ ಬಿಚ್ಚಿದ: ಆಟೀನಿನ ಎಂಟು, ಕಳಾವರಿನ ಒಂಬತ್ತು, ಆಟೀನಿನ ಮೂರು. ಪ್ರೇಮಾನಂದ ಮಡಚಿದ. ಅಪ್ಪಿ, ಸುಬ್ಬ ಇಬ್ಬರೂ ಉಳಿದರು. ನಾಲ್ಕನೆಯದು ಆಟೀನಿನ ಹತ್ತು.

ಸುಬ್ಬನ ಬಾಯಿ ನಿಂತಿತು. ಕೈ ಹೆಗಲಿಗೆ ಹೋಗಿ ಬೈರಾಸಿನ ಅಂಚನ್ನು ಮಡಚತೊಡಗಿತು. ಐದನೆಯ ಎಲೆ ಇಸ್ಪೀಟಿನ ಎರಡು, ಯಾರಿಗೂ ಬೇಡದ್ದು. ಸುಬ್ಬ ಮಾತಿಲ್ಲದೆ ತನ್ನ ಬೀಜಗಳನ್ನೆಲ್ಲ ಮುಂದೆ ನೂಕಿದ.

"ಬಿಡ್ ಅಪ್ಪಕ್ಕ," ಎಂದ ಪ್ರೇಮಾನಂದ. "ಅವ್ನ ಕೈಯಂಗೆ ಸಾಲ್ ಇತ್ತ್. ಮೋರೆ ಕಂಡ್ರೆ ಗೊತ್ತಾತಿಲ್ಯಾ?"

ಗೊತ್ತಾಗಿತ್ತು. ಸುಬ್ಬನ ಕೈಯಲ್ಲಿ ಸಾಲು ಇದೆ, ಇದು ಸುಳ್ಳಲ್ಲ. ಕಾಣೆ ಅವನದು, ಅಂಜಲ್ ತನ್ನದು. ಆದರೆ ಸುತ್ತ ನಿಂತವರ ಮುಖದಲ್ಲೆಲ್ಲ ಆಟ ಮುಗಿದಂತಿತ್ತು. ಇಷ್ಟು ಗಂಡಸರು ತಪ್ಪಿ, ತಾನೊಬ್ಬಳು ಸರಿಯೇ? ತಾನು ಕೇಳಿದ್ದು ಹಿಂದುಮುಂದಾಯಿತೇ? ರತನನ ಮುಖ ನೋಡಿದಳು. ಎಲೆ ಹಂಚುವವನ ಮುಖದಲ್ಲಿ ಏನೂ ಇರಲಿಲ್ಲ. ಅದು ಅವನ ಕೆಲಸ. ಸೋತರೆ ಉಳಿದ ನಾಲ್ಕು ಬೀಜದಲ್ಲಿ ಚಾಪೆಯ ಮೇಲೆ ಹೆಚ್ಚು ಹೊತ್ತು ಉಳಿಯಲಾಗದು. ಮನೆಯ ಹೊಸ್ತಿಲು ಕಣ್ಣೆದುರು ಬಂತು.

ಅವನಿಟ್ಟಷ್ಟನ್ನೂ ಅಪ್ಪಿ ಇಟ್ಟಳು.

ಸುಬ್ಬ ಗುಲಾಮನನ್ನೂ ಏಳನ್ನೂ ಚಾಪೆಗೆ ಬಡಿದ. "ಏಳು, ಎಂಟು, ಒಂಬತ್ತು, ಹತ್ತು, ಗುಲಾಮ! ಮನಿಗೆ ಹೋಗ್ ಅಪ್ಪಿ." ಎರಡೂ ತೋಳಲ್ಲಿ ಬೀಜ ಬಾಚಿಕೊಳ್ಳತೊಡಗಿದ.

ಅಪ್ಪಿ ತನ್ನ ಎಲೆಗಳನ್ನು ಇಟ್ಟು, ಬೀಜದ ರಾಶಿಯ ಮೇಲೆ ಅಂಗೈ ಊರಿದಳು. "ಕೈ ತೆಗಿ. ಐದೂ ಆಟೀನ್."

"ಇದ್ದ್ರೆ ಎಂತ? ಸಾಲಿನ ಎದ್ರ್ ಬಣ್ಣ ನಿಲ್ತಿಲ್ಲ ಮಾರಾಯ್ತಿ!"

ನಿಂತವರೂ ಹೌದೆಂದರು. ಆಗ ರತನ್ ಬಾಯಿ ಬಿಟ್ಟ. "ಈ ಆಟದಂಗೆ ಬಣ್ಣವೇ ಮೇಲೆ, ಸುಬ್ಬಣ್ಣ. ಅಪ್ಪಿ ಅತ್ತೆ ಗೆದ್ಲ್."

"ಹುಚ್ಚಾ ನಿಂಗೆ? ಮುಂಬಯಿ ಕ್ಯಾಂಟೀನಂಗೆ ಕೆಲ್ಸಕ್ಕಿಪ್ಪತಿಗೆ ತೀನ್ ಪತ್ತಿ ಕಲ್ತದ್ದ್ ನಾನ್. ನಲ್ವತ್ತ್ ವರ್ಷ ಇದೇ ಚಾಪಿ ಮೇಲ್ ಆಡಿದ್ದೆ. ಸಾಲೇ ಮೇಲೆ!"

"ಆ ನಲ್ವತ್ತ್ ವರ್ಷ ನನ್ನ ಈ ಚಾಪಿಗ್ ಸೇರ್ಸ್ಲಿಲ್ಲ," ಎಂದಳು ಅಪ್ಪಿ. "ಅದಕ್ಕೇ ನಂಗೆ ಮರ್ತ್ ಬಿಡುಕೆ ಹಳೇ ಆಟ ಇರ್ಲಿಲ್ಲ. ಏಳ್."

ಸುಬ್ಬ ಏಳಲಿಲ್ಲ. ಅಪ್ಪಿ ನೆಲಕ್ಕೆ ಕೈ ಕೊಟ್ಟು ಎದ್ದು ಅವನೆದುರು ನಿಂತಳು. ಮೊಣಕಾಲು ನೋಯುತ್ತಿತ್ತು. ಬಸ್ಸಿನೆದುರು ಕೂತವಳಿಗೆ ಸುಬ್ಬನೆದುರು ನಿಲ್ಲುವುದು ದೊಡ್ಡದಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೊನೆಗೆ ಸುಬ್ಬ ಬೈರಾಸು ಕೊಡವಿ ಎದ್ದ.

ಅಪ್ಪಿ ಕಂಬಕ್ಕೆ ಒರಗಿ ಕೂತು ಕಾಲು ನೀಡಿದಳು. ಗಾಳಿ ನಿಜಕ್ಕೂ ಚೆನ್ನಾಗಿತ್ತು. ಸುಬ್ಬ ಬಾಗಿಲ ಕಡೆ ನಡೆಯುತ್ತಿದ್ದ.

"ಹ್ವಾಯ್, ಎಲ್ಲಿಗ್? ನಿನ್ನ ಹೋಪುಕೆ ಯಾರ್ ಹೇಳಿರ್? ಆ ಬದಿ ಕೂಕೋ. ರತನಾ, ಅವ್ನಿಗೂ ಎಲಿ ಹಾಕ್. ಬಣ್ಣ ಮೇಲೆ ಅಂದೇಳಿ ಇನ್ನೊಂದ್ಸಲ ಹೇಳ್."

ಸುಬ್ಬ ಬೈಯುತ್ತಲೇ ಬಂದು ಕೂತ.

ಮಳೆ ಕಳೆದು ದೋಣಿಗಳು ಇಳಿದವು. ಆ ಬಲೆಗೆ ಮೀನು ಬಿತ್ತೇ ಎಂದು ಈಗಲೂ ಕೇಳುವವರಿದ್ದಾರೆ. ಕೆಲವು ದಿನ ಬಿತ್ತು, ಕೆಲವು ದಿನ ಬೀಳಲಿಲ್ಲ, ಎಲ್ಲ ವರ್ಷದ ಹಾಗೆಯೇ. ಬಲೆಮನೆಯಲ್ಲಿ ಬಲೆಯನ್ನು ಇವತ್ತಿಗೂ ಬಾಗಿಲಿಗೆ ಅಡ್ಡವೇ ಹಾಕುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಬಂದ ಅಪ್ಪಿ ಅದನ್ನು ಗೋಡೆಗೆ ಸರಿಸಿ ಒಳಗೆ ಹೋಗುತ್ತಾಳೆ.