ಸಮಪಾಲಿನ ಬೆಳಕು

ಕಳೆದ ವಾರ ಸೀರೆಯ ಮೇಲೆ ಹಳೆಯ ಪೇಪರ್ ಹಾಸಿ ಇಸ್ತ್ರಿ ಹಾಕುತ್ತಿದ್ದೆ. ಅಷ್ಟರಲ್ಲಿ ಫೋನ್ ಬಂತು. ಮಾತಿಗೆ ನಿಂತರೆ ನನಗೆ ಲೋಕದ ಪರಿವೆಯಿಲ್ಲ. ಕಾಗದ ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಎಚ್ಚರ. ಸೀರೆ ಉಳಿಯಿತು ಅನ್ನಿ. ಆದರೆ ಆ ವಾಸನೆ ನನ್ನನ್ನು ಹನ್ನೆರಡು ವರ್ಷ ಹಿಂದಕ್ಕೆ ಎಳೆದೊಯ್ದು ಹೊನ್ನಾವರದ ಒಂದು ಚರ್ಮದ ಆಸ್ಪತ್ರೆಯಲ್ಲಿ ಕೂರಿಸಿತು.

ನನ್ನ ಎಡಗೆನ್ನೆಯ ಮೇಲೆ ಹುಟ್ಟಿನಿಂದಲೇ ಅಂಗೈಯಗಲದ ನೀಲಿಗಪ್ಪು ಮಚ್ಚೆ. ಬಸ್ಸಿನಲ್ಲಿ ಆ ಕೆನ್ನೆ ಕಿಟಕಿಯ ಕಡೆಗಿರುವ ಸೀಟೇ ಆಗಬೇಕು. ಸಿಗದಿದ್ದರೆ ನಮ್ಮೂರು ಮಿರ್ಜಾನದಿಂದ ಹೊನ್ನಾವರದವರೆಗೂ ನಿಂತೇ ಹೋಗುವಷ್ಟು ಬಿಂಕ ನನ್ನದು. ಓಂ ಬೀಚ್ ಹತ್ತಿರದ ವಸತಿಗೃಹವೊಂದರಲ್ಲಿ ಕೌಂಟರಿನ ಕೆಲಸಕ್ಕೆ ಸಂದರ್ಶನವಿತ್ತು. ಅಷ್ಟರೊಳಗೆ ಮಚ್ಚೆ ತುಸುವಾದರೂ ತಿಳಿಯಾಗಲೆಂದು ಅಮ್ಮನನ್ನು ಕರೆದುಕೊಂಡು ಓಡಿದ್ದೆ.

ಡಾಕ್ಟರಮ್ಮ ಭಟ್ಕಳದವರು. ಫೋನಿನಲ್ಲಿ ಮನೆಯವರೊಡನೆ ನವಾಯತಿ ಭಾಷೆ, ನಮ್ಮೊಡನೆ ಕನ್ನಡ. ಹೊಸ ಲೇಸರ್ ಯಂತ್ರವನ್ನು ದಿನವೂ ಮೊದಲು ಕಪ್ಪು ಕಾಗದದ ಮೇಲೆ ಹಾರಿಸಿ ನೋಡುವುದು ಅವರ ಪದ್ಧತಿ. ಅಂದು ಕಾಗದ ನೋಡಿ ಅವರ ಮುಖ ಸಪ್ಪಗಾಯಿತು. ಗುಂಡು ಗುರುತಿನ ನಡುವೆ ತೂತು, ಅಂಚಿನಲ್ಲಿ ಬರೀ ಕಂದು.

"ಇವತ್ತು ಆಗೂದಿಲ್ಲ ತಂಗಿ. ಬೆಳಕಿನ ಜೋರೆಲ್ಲ ನಡುವೇ ಬೀಳ್ತದೆ. ಮುಖದಲ್ಲಿ ಕುಳಿ ಬಿದ್ರೆ ಎಂತ ಮಾಡೂದು?"

ನಾನು ಅತ್ತೆ, ರೇಗಿದೆ, ಏನೇನೋ ಅಂದೆ. ಅವರು ಯಂತ್ರದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹತ್ತು ನಿಮಿಷ ಬಿಟ್ಟು ಬಂದು, "ಇಲ್ಲ, ಆಗೂದೇ ಇಲ್ಲ" ಎಂದರು.

ಕೆಲಸ ಬೇರೆಯವರ ಪಾಲಾಯಿತು.

ಎರಡು ತಿಂಗಳ ಮೇಲೆ ಅವರೇ ಕರೆಸಿದರು. ಯಂತ್ರದ ಮೂತಿಗೆ ಕೂರಿಸಲು ಬೆರಳುಗುರಿನಷ್ಟು ಗಾಜಿನ ಬಿಲ್ಲೆಯೊಂದು ಬಂದಿತ್ತು. ಬರಿಗಣ್ಣಿಗೆ ಮಬ್ಬು ಗಾಜು. ಭೂತಗನ್ನಡಿಯಲ್ಲಿ ನೋಡಿದರೆ ಸಾಲುಸಾಲಾಗಿ ನೂರಾರು ಪುಟಾಣಿ ಮಸೂರಗಳು. ಅವು ಬೆಳಕನ್ನು ನೂರಾರು ಚೂರು ಮಾಡುತ್ತವಂತೆ. ಒಂದೊಂದು ಚೂರೂ ಇಡೀ ಗುರುತಿನ ಮೇಲೆ ಹರಡಿ, ಒಂದರ ಮೇಲೊಂದು ಬಿದ್ದು, ಹೆಚ್ಚುಕಡಿಮೆಯೆಲ್ಲ ಬೆರೆತು ಸಮವಾಗುತ್ತದಂತೆ. ಪದವೀಧರೆಯಾದ ನಾನು ಅರ್ಥವಾದಂತೆ ತಲೆಯಾಡಿಸಿದೆ. ಅರ್ಥವಾದದ್ದು ಅಘನಾಶಿನಿ ಹೊಳೆಯ ಮೀನು ಮಾರಿ ನನ್ನನ್ನು ಓದಿಸಿದ ಅಮ್ಮನಿಗೆ.

"ಹಂಗಾರೆ ಇದು ಮೀನು ಪಾಲು ಹಾಕ್ದಂಗೇ ಆತು! ಒಬ್ಬೊಬ್ಬಂಗೆ ಒಂದೊಂದು ಬುಟ್ಟಿ ಕೊಟ್ರೆ ಹೆಚ್ಚುಕಮ್ಮಿ ಆಗಿ ಜಗಳವೇ ಸೈ. ಎಲ್ಲ ಬುಟ್ಟಿಂದೂ ಎಲ್ಲ ಪಾಲಿಗೂ ಒಂದೊಂದು ಹಿಡಿ ಹಾಕ್ಬೇಕು."

ಡಾಕ್ಟರಮ್ಮ ಮನಸಾರೆ ನಕ್ಕರು. "ಯಂತ್ರದವ್ರು ಅರ್ಧ ದಿನ ಹೇಳಿದ್ದನ್ನ ನೀವು ಒಂದೇ ಮಾತಲ್ಲಿ ಮುಗಿಸಿದ್ರಿ ಅಮ್ಮಾ."

ಈ ಸಲ ಕಾಗದದ ಗುರುತು ಅಂಚಿನಿಂದ ಅಂಚಿಗೆ ಒಂದೇ ಬಣ್ಣಕ್ಕಿತ್ತು. ಹಲವು ಸಲ ಹೋಗಿಬಂದ ಮೇಲೆ ಮಚ್ಚೆ ಹುಡುಕಿದರಷ್ಟೇ ಕಾಣುವಷ್ಟು ತೆಳುವಾಯಿತು. ಆದರೂ ನೋಡಿ ನನ್ನ ಬುದ್ಧಿ: ಕೆನ್ನೆ ತಿಳಿಯಾದರೂ, ನನ್ನ ಕೆಲಸ ತಪ್ಪಿಸಿದವರು ಎಂಬ ಮುನಿಸು ಒಳಗೆ ಹಾಗೇ ಉಳಿದಿತ್ತು. ಒಮ್ಮೆಯೂ ನೆಟ್ಟಗೆ ಉಪಕಾರ ಸ್ಮರಿಸಲಿಲ್ಲ.

ಆ ನಾಚಿಕೆ ಈಗ ಕಾಡಿ, ನಿನ್ನೆ ಭಟ್ಕಳದ ಅವರ ಮನೆಗೆ ಹೋದೆ. ಈಗ ಅವರಿಗೆ ವಯಸ್ಸಾಗಿದೆ, ಮನೆಯಲ್ಲೇ ಇರುತ್ತಾರೆ. ಚಹಾ ಕೊಡಲು ಕೈ ಚಾಚಿದಾಗ ಅಂಗಿಯ ಉದ್ದ ತೋಳು ಮೇಲೆ ಸರಿಯಿತು. ಮುಂಗೈ ಮೇಲೆ ಮೂರು ಗುಂಡು ಕಲೆ. ಮೂರರ ನಡುವೆಯೂ ಸಣ್ಣ ಕುಳಿ.

"ಇದೆಂತದು ಡಾಕ್ಟ್ರಮ್ಮಾ?"

"ಆ ದಿನದ್ದು. ಕಾಗದ ಸುಟ್ಟ ಹಾಗೇ ಚರ್ಮನೂ ಸುಡ್ತದೋ ಅಂತ ನೋಡ್ಬೇಕಿತ್ತಲ್ಲ."

"ಮೂರು ಸಲ ಎಂತಕ್ಕೆ?"

"ಜೋರು ಕಮ್ಮಿ ಮಾಡ್ತಾ ಮಾಡ್ತಾ ನೋಡಿದೆ. ನೀನು ಹೊರಗೆ ಅಷ್ಟು ಅಳ್ತಾ ಇದ್ದಿ, ಹೇಗಾದ್ರೂ ಆಗ್ತದೇನೋ ಅಂತ."

ಲೋಟ ಕೆಳಗಿಟ್ಟು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ತಪ್ಪಾಯ್ತು ಎನ್ನಬೇಕೆಂದಿದ್ದೆ. ಅದರ ಬದಲು ಬಗ್ಗಿ, ನನ್ನ ಎಡಗೆನ್ನೆಯನ್ನು ಆ ಮೂರು ಕಲೆಗಳ ಮೇಲಿಟ್ಟೆ.