ಟೇಪಿನ ಖೋಲಿ

ಕಮಲಾಪುರದ ದೇವೀಂದ್ರಪ್ಪನ ಮನೆಗೆ ಬಂದ ನೆಂಟರಿಗೆ ಚಹಾ ಕೊಟ್ಟಾದ ಮೇಲೆ ಟೇಪಿನ ಖೋಲಿ ತೋರಿಸುವುದು ಮನೆಯವರ ರೂಢಿಯಾಗಿತ್ತು. ತೋರಿಸುವುದೆಂದರೆ ಬಾಗಿಲಿನ ತನಕ ಅಷ್ಟೇ, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಪಡಸಾಲೆ ದಾಟಿ ಬಲಕ್ಕೆ ತಿರುಗಿದರೆ ದಪ್ಪ ಕಲ್ಲುಗೋಡೆಯ ಸಣ್ಣ ಕೋಣೆ, ಬಾಗಿಲ ಹೊರಗೆ ಮುಷ್ಟಿಗಾತ್ರದ ಬೀಗ, ಮನೆಯವರ ಮಾತಿನಲ್ಲಿ ಕೀಲಿ. ಒಳಗೆ ಒಂದು ಕಬ್ಬಿಣದ ಕಪಾಟು, ಒಂದು ಮಂಚ. ಕಪಾಟಿನಲ್ಲಿ ಕಲಬುರಗಿಯ ಮಾಪಣ್ಣ ವಕೀಲರ ಕಚೇರಿಯ ಟೇಪುಗಳು. ಮಂಚದ ಮೇಲೆ, ಅವುಗಳ ಕಾವಲಿಗೆಂದು, ದೇವೀಂದ್ರಪ್ಪನ ಮಗಳು ಅಂಜನಾ.

ಹಾಡು ಕೇಳುವ ಟೇಪಲ್ಲ ಇವು. ವಕೀಲರ ಕಂಪ್ಯೂಟರಿನಲ್ಲಿದ್ದ ದಾವೆ, ತಕರಾರು, ಮೃತ್ಯುಪತ್ರಗಳ ನಕಲೆಲ್ಲ ಅಂಗೈಯಗಲದ ಈ ಕರಿ ಡಬ್ಬಿಗಳೊಳಗೆ ಇರುತ್ತಿತ್ತು. ನಾಳೆ ಕಚೇರಿಗೆ ಬೆಂಕಿ ಬಿದ್ದರೂ ಕಕ್ಷಿದಾರರ ಕಾಗದ ಉಳಿಯಬೇಕು. ಅದಕ್ಕೇ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಅಂಜನಾ ದಿನಾ ಸಂಜೆ ಅವತ್ತಿನ ಟೇಪನ್ನು ಚೀಲದಲ್ಲಿಟ್ಟುಕೊಂಡು ಊರಿನ ಬಸ್ಸು ಹಿಡಿಯುತ್ತಿದ್ದಳು. ಇಡುವ ಜಾಗಕ್ಕೂ ವಕೀಲರ ಕಟ್ಟಪ್ಪಣೆ ಇತ್ತು: ತಂಪಿರಬೇಕು, ಒಲೆಯ ಹೊಗೆ ಸುಳಿಯಬಾರದು, ಕೀಲಿ ಇರಬೇಕು, ಅಂಜನಾ ಬಿಟ್ಟು ಬೇರೆ ಯಾರೂ ಅಲ್ಲಿ ಮಲಗಬಾರದು.

ಆ ಕೊನೆಯ ಮಾತಿಗೇ ಅವಳು ವಕೀಲರಿಗೆ ಮನಸ್ಸಿನಲ್ಲಿ ದಿನಾ ಕೈಮುಗಿಯುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದ ಹೊಸದರಲ್ಲಿ ಅವಳಿಗೆ ಈ ಮನೆಯಲ್ಲಿ ಒಂದು ಮೂಲೆಯೂ ಇರಲಿಲ್ಲ. ಬಂಧುಬಳಗವೆಲ್ಲ ಕೂತಿದ್ದಾಗ ಅಪ್ಪ ಅವಳ ಮುಖ ಕೂಡ ನೋಡದೆ, "ಬಂದಾಕಿ ಬಂದಾಳ, ಪಡಸಾಲ್ಯಾಗ ಬಿದ್ಕೊಳ್ಳಲಿ" ಅಂದುಬಿಟ್ಟಿದ್ದ. ಪಡಸಾಲೆಯಲ್ಲಿ ಮಲಗಿದ ಹೆಂಗಸಿಗೆ ನಿದ್ದೆಯಿಲ್ಲ, ಅಳಲಿಕ್ಕೂ ಜಾಗವಿಲ್ಲ. ಆಮೇಲೆ ಕೆಲಸ ಸಿಕ್ಕಿತು, ಟೇಪು ಬಂತು, ಟೇಪಿನ ಹಿಂದೆ ಖೋಲಿಯೂ ಬಂತು. ಆದರೂ ಅಪ್ಪನ ಆ ಮಾತು ಎದೆಯಲ್ಲಿ ಉಳಿದೇ ಇತ್ತು. ಊಟಕ್ಕೆ ಬಡಿಸುವಾಗ ಅವನಿಗೆ "ಇನ್ನಷ್ಟು ಹಾಕ್ಲೇನು" ಎಂದು ಕೇಳುವುದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ.

ಸಂಜೆಯ ಬಸ್ಸು ಅವಳ ಸ್ವಂತ ಲೋಕ. ಕಿಟಕಿ ಪಕ್ಕ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರೆ ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ತೊಗರಿ ಹೊಲಗಳ ಮೇಲೆ ಬಿಸಿಲು ಹಳದಿಯಾಗಿ ಮಲಗುತ್ತಿತ್ತು. ಚೀಲದೊಳಗಿನ ಮಂದಿ ಆಗ ಅವಳ ಕಣ್ಣ ಮುಂದೆ ಎದ್ದು ಬರುತ್ತಿದ್ದರು. ಒಂದು ಬಾವಿಗಾಗಿ ಹೊಡೆದಾಡುವ ಅಣ್ಣತಮ್ಮಂದಿರು, ಬರೆದ ಮೃತ್ಯುಪತ್ರವನ್ನು ಮತ್ತೆ ಮತ್ತೆ ಬದಲಿಸುವ ಮುದುಕ, ಪಾಲು ಕೇಳಿದ ಹೆಣ್ಣುಮಕ್ಕಳು. ಹಗಲೆಲ್ಲ ಕೋರ್ಟಿನಲ್ಲಿ ಜಗಳಾಡಿ ದಣಿದವರನ್ನು ಮಲಗಿಸಲಿಕ್ಕೆ ತನ್ನೂರಿಗೆ ಕರೆದೊಯ್ಯುತ್ತಿದ್ದೇನೆ ಅನಿಸುತ್ತಿತ್ತು. ಖೋಲಿಯಲ್ಲಿ ನಿದ್ದೆ ಹತ್ತಿದರೆ ಆ ಬಾವಿ ಇವರ ಅಂಗಳದಲ್ಲೇ ಇರುತ್ತಿತ್ತು. ಅಣ್ಣತಮ್ಮಂದಿರಿಬ್ಬರೂ ಒಂದೇ ಹಗ್ಗ ಹಿಡಿದು ನೀರು ಸೇದುತ್ತಿದ್ದರು. ಇಂಥ ತೀರ್ಪು ಯಾವ ನ್ಯಾಯಾಧೀಶರ ಕೈಯಲ್ಲೂ ಆಗುವಂಥದ್ದಲ್ಲ!

ಹೀಗಿರುವಾಗ ಕಚೇರಿಗೆ ನಜ್ಮಾ ಬಂದಳು. ಕಂಪ್ಯೂಟರ್ ಕಂಪನಿಯ ಹುಡುಗಿ, ಚುರುಕು ಮಾತಿನವಳು. ಎರಡು ಡಿಸ್ಕಿನ ಪೆಟ್ಟಿಗೆ ತಂದು ಒಂದನ್ನು ಕಚೇರಿಯಲ್ಲಿ ಕೂರಿಸಿದಳು, ಇನ್ನೊಂದನ್ನು ನಂದೂರಿನಲ್ಲಿ ವಕೀಲರ ಗೆಳೆಯರ ದಾಲ್ ಮಿಲ್ಲಿನ ಆಫೀಸಿನಲ್ಲಿ.

"ಇನ್ನ ಮ್ಯಾಲ ತಾಸಿಗೊಮ್ಮೆ ನಕಲು ತಾನಾಗೇ ಇದರಾಗ ಬೀಳ್ತದ ಅಕ್ಕ, ಇಲ್ಲಿಂದ ನಂದೂರಿಗೂ ಹೋಗ್ತದ," ಅಂದಳು. "ಒಂದು ಫೈಲ್ ಹೋತಂದ್ರ ಟೇಪ್ ಹುಡುಕಿ, ತಿರುಗಿಸಿ, ಅರ್ಧ ದಿನ ಕಾಯೋದು ಬ್ಯಾಡ. ಚಹಾ ಆರೋದ್ರೊಳಗ ವಾಪಸ್ ಬರ್ತದ. ನೀವು ಆರಾಮ ಕೈ ಬೀಸ್ಕೋತ ಊರಿಗಿ ಹೋಗ್ರಿ."

ಅಂಜನಾ ನಕ್ಕಳು. ನಗದೆ ಇನ್ನೇನು ಮಾಡಿಯಾಳು? ಪೆಟ್ಟಿಗೆ ಚೆನ್ನಾಗಿಯೇ ಇತ್ತು, ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೆ ಟೇಪು ಹೋದರೆ ಖೋಲಿಯೂ ಹೋಗುತ್ತದೆ.

ಅವಳ ಅಣ್ಣ ಶಿವಲಿಂಗನದು ಕೆಂಪು ಬಾಳೆಯ ವ್ಯಾಪಾರ. ತೋಟದಿಂದ ಕಾಯಿಗೊನೆ ತಂದು ಹಣ್ಣು ಮಾಡಿ ಮಾರುತ್ತಿದ್ದ. ಗೊನೆ ಹಣ್ಣಿಗೆ ಹಾಕಲು ಬಾಗಿಲು ಮುಚ್ಚುವ ಕೋಣೆ ಬೇಕು, ಮನೆಯಲ್ಲಿ ಅಂಥದ್ದು ಇದ್ದದ್ದು ಅದೊಂದೇ. ಬಾಗಿಲ ಮುಂದೆ ಹಾಯುವಾಗಲೆಲ್ಲ ಗೋಡೆಯನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿ, "ಏನ್ ಖೋಲಿ ಮಾರಾಯಾ! ವಕೀಲರ ಡಬ್ಬಿ ಹೋದ ದಿನ ಇಲ್ಲಿ ಗೊನಿ ಒಟ್ಟತೀನಿ ನೋಡು" ಎನ್ನುತ್ತಿದ್ದ. ಹೇಳಿದ್ದು ಚೇಷ್ಟೆಗೇ ನಿಜ, ಆದರೆ ಗೊನೆಗಳು ನಿಜವಾಗಿಯೂ ಪಡಸಾಲೆಯಲ್ಲಿ ಜಾಗವಿಲ್ಲದೆ ಕೊಳೆಯುತ್ತಿದ್ದವು. ಅವನ ಹೆಂಡತಿ ಭಾಗಮ್ಮ ವೈನಿಗೂ ಅದರ ಸಿಟ್ಟಿತ್ತು.

ಹಾಗಾಗಿ ಅಂಜನಾ ಮನೆಯಲ್ಲಿ ತುಟಿ ಬಿಚ್ಚಲಿಲ್ಲ. ನಜ್ಮಾ ಹಳೆಯ ಟೇಪುಗಳನ್ನೆಲ್ಲ ಡಿಸ್ಕಿಗೆ ಇಳಿಸಲು ತರಹೇಳಿದಳು. ಅಂಜನಾ ಇವತ್ತೊಂದಿಷ್ಟು, ನಾಳೆಯೊಂದಿಷ್ಟು ಎಂದು ಸಾಗಿಸಿದಳು. ಸಂಜೆ ಟೇಪಿಲ್ಲದ ಖಾಲಿ ಕವಚವನ್ನೇ ಚೀಲದಲ್ಲಿಟ್ಟುಕೊಂಡು ಬಂದು, ಎಂದಿನಂತೆ ಕಪಾಟಿನ ಬಾಗಿಲನ್ನು ಎಲ್ಲರಿಗೂ ಕೇಳುವಂತೆ ಹಾಕಿದಳು. ಆದರೆ ಬಸ್ಸಿನಲ್ಲಿ ಯಾರೂ ಎದ್ದು ಬರಲಿಲ್ಲ. ಕನಸಿನ ಬಾವಿ ಬತ್ತಿತ್ತು, ಅದರ ತಳದಲ್ಲಿ ಕೆಂಪು ಗೊನೆಗಳ ರಾಶಿ. ತನ್ನ ಸುಳ್ಳಿಗೆ ತನಗೇ ನಾಚಿಕೆಯಾಗಿ ನಸುಕಿನಲ್ಲಿ ಎದ್ದು ಕೂರುತ್ತಿದ್ದಳು.

ಕೊನೆಯ ಟೇಪುಗಳನ್ನು ಒಪ್ಪಿಸಿದ ದಿನ ಅವಳು ಧೈರ್ಯ ಮಾಡಿ ವಕೀಲರ ಮೇಜಿನ ಮುಂದೆ ನಿಂತಳು.

"ಸರ್, ಒಂದೆರಡು ಟೇಪ್ ನಮ್ಮ ಮನ್ಯಾಗೇ ಇರಲಿ. ಆ ಪೆಟಗಿ ಕೆಟ್ಟರ ಬೇಕಾಗ್ತಾವ."

ಮಾಪಣ್ಣ ವಕೀಲರು ಚಷ್ಮಾ ತೆಗೆದು ಅವಳನ್ನು ನೋಡಿದರು. ಸಾಕ್ಷಿಯ ಮನಸ್ಸು ಓದಿ ಓದಿ ಪಳಗಿದ ಕಣ್ಣು.

"ಪೆಟಗಿ ಕೆಟ್ಟರ ನಂದೂರಾಗ ಇನ್ನೊಂದದ. ನಿನಗ ಬೇಕಾಗಿದ್ದು ಟೇಪ್ ಅಲ್ಲ, ಹೌದಿಲ್ಲೋ?" ಅಂದರು. "ನೋಡವ್ವ, ಆ ಟೇಪ್ ನಾ ಬ್ಯಾಂಕಿನ ಲಾಕರಿನಾಗ ಇಡಾಂವ ಇದ್ದೆ. ನಿಮ್ಮಪ್ಪ ಬಂದಿದ್ದ. ಮಳಕಾಲ ನೋವು, ಮೂರು ಮಾಳಗಿ ಹತ್ತಿ, ಇಲ್ಲೇ ಕುಂತ. 'ನನ್ನ ಮಗಳಿಗಿ ಒಂದು ಖೋಲಿ ಕೊಡಬೇಕಾಗ್ಯಾದ ಸಾಹೇಬ್ರ. ನಾನಾಗೇ ಕೊಟ್ಟರ ಬಳಗದಾಗ ಮಾತು ಬರ್ತದ, ಮಗ ಸೊಸಿನೂ ಬಿಡಂಗಿಲ್ಲ. ಕೀಲಿ ಹಾಕಿಡೋವಂಥ ಸಾಮಾನು ಏನರ ಅಕಿ ಕೈಯಾಗ ಕೊಡ್ರಿ' ಅಂದ. ಹೊಗಿ ಬ್ಯಾಡ, ಮಂದಿ ಬ್ಯಾಡ ಅಂತ ಕಾನೂನು ಮಾಡಿದಾಂವ ನಾನಲ್ಲ, ನಿಮ್ಮಪ್ಪ."

ಅಂಜನಾ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು.

ಅವತ್ತು ಬಸ್ಸಿನಲ್ಲಿ ಚೀಲ ಹಗುರವಾಗಿ ಮಡಿಲಲ್ಲಿ ಮಡಚಿಕೊಂಡಿತು. ಕಾಯುವಂಥದ್ದೇನೂ ಇರಲಿಲ್ಲವಾದ್ದರಿಂದ ಮೊದಲ ಸಲ ಅವಳಿಗೆ ಬಸ್ಸಿನಲ್ಲಿ ನಿದ್ದೆ ಬಂತು. ನಿದ್ದೆಯಲ್ಲಿ ಅಪ್ಪ ಬಿಳಿ ಧೋತರ ಎತ್ತಿಕಟ್ಟಿ ಮೆಟ್ಟಿಲು ಹತ್ತುತ್ತಿದ್ದ. ಮೆಟ್ಟಿಲು ಮುಗಿಯುತ್ತಿರಲಿಲ್ಲ, ಮೇಲೆ ಆಕಾಶ, ಸುತ್ತ ಹಳದಿ ತೊಗರಿ. ಒಮ್ಮೆ ನಿಂತು ಮೊಳಕಾಲು ತಿಕ್ಕಿಕೊಂಡ, ಮತ್ತೆ ಹತ್ತಿದ. ಕಂಡಕ್ಟರ್ "ಕಮಲಾಪುರ್ ಬಂತ್ರೀ" ಎಂದು ಎಬ್ಬಿಸಿದಾಗ ಗಲ್ಲ ಒದ್ದೆಯಾಗಿತ್ತು.

ಮನೆಗೆ ಬಂದರೆ ಖೋಲಿಯ ಬಾಗಿಲು ಹಾರು ಹೊಡೆದಿತ್ತು. ವಕೀಲರು ಫೋನು ಮಾಡಿ ಟೇಪು ಹೋದ ಸಂಗತಿಯನ್ನೆಲ್ಲ ಅಪ್ಪನಿಗೆ ಹೇಳಿಬಿಟ್ಟಿದ್ದರು. ಒಳಗೆ ಶಿವಲಿಂಗ ಬ್ಯಾಟರಿ ಹಿಡಿದು ನಿಂತಿದ್ದ. ಅಪ್ಪ ಬಾಗಿಲ ಒಳಮೈಗೆ ಮುಖ ಹಚ್ಚಿ ಹೊಸ ಚಿಲಕಕ್ಕೆ ಸ್ಕ್ರೂ ತಿರುಗಿಸುತ್ತಿದ್ದ.

"ಗೊನಿಗಿ ಬಜಾರದಾಗ ಒಂದು ಖೋಲಿ ಬಾಡಗಿ ಹಿಡೀತೀನಿ," ಅಂದ ಶಿವಲಿಂಗ, ಅವಳ ಕಡೆ ನೋಡದೆ. "ಅಪ್ಪ ಬೈದು ಬೈದು ಕಿವಿ ತೂತು ಮಾಡ್ಯಾನ."

"ಚಿಲಕ ಯಾಕಪ್ಪ?" ಅಂದಳು ಅಂಜನಾ.

"ಕೀಲಿ ಹೊರಗ ಇತ್ತು, ಡಬ್ಬಿಗಿ ಅಷ್ಟ ಸಾಕು," ಅಂದ ದೇವೀಂದ್ರಪ್ಪ. ಸ್ಕ್ರೂ ಜಾರುತ್ತಿತ್ತು. "ಮನಷ್ಯಾರು ಇರೋ ಖೋಲಿಗಿ ಒಳಗ ಚಿಲಕ ಬೇಕು. ನನಗ ಆಗ ಹೊಳೀಲಿಲ್ಲ ನೋಡವ್ವ."

ಇಬ್ಬರೂ ಹೊರಗೆ ಬಂದರು. ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿ ಚಿಲಕ ಸರಿಸಿದಳು. ಬಾಗಿಲಿಗೆ ಹಣೆ ಹಚ್ಚಿ ನಿಂತಳು.

"ಬಿಗಿ ಕುಂತದೇನು?" ಹೊರಗಿನಿಂದ ಅಪ್ಪನ ದನಿ.

"ಕುಂತದಪ್ಪ. ತಗೀಲೇನು?"

"ಬ್ಯಾಡ. ನಿನಗ ಬೇಕಾದಾಗ ತಗಿ."