ಒಂಬತ್ತು ಅಂದರೆ ಒಂಬತ್ತೇ

ಬೆಳಗಿನ ಆರೂವರೆ. ಕುರುಗೋಡಿನ ಮೊದಲ ಬಸ್ಸಿನಲ್ಲಿ ಬಂದ ನೀರಿನ ಬಾಟಲಿಗಳನ್ನು ಅಕ್ಕನಾಗಮ್ಮ ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಈಗ ಪ್ರಯೋಗಾಲಯವಾಗಿರುವ ಹಳೇ ಬಂಗಲೆಯ ಮೆಟ್ಟಿಲ ಮೇಲೆ ಸಾಲಾಗಿ ಇಡುತ್ತಿದ್ದಾರೆ. ಒಂದೊಂದರ ಚೀಟಿ ಓದಿ, ರಿಜಿಸ್ಟರಿಗೆ ಏರಿಸಿ, ಆಮೇಲೆಯೇ ಚಹಾ. ಅವರ ಬಗ್ಗೆ ಬರೆಯಲು ಬಂದ ನಾನು ಮಾತಿಗೆಳೆದರೆ, "ತಡೀರಿ ಸರ್, ಎಣಿಕಿ ತಪ್ತೈತಿ" ಎಂದು ಗದರುತ್ತಾರೆ.

ಅಣು ವಿದ್ಯುತ್ ಸ್ಥಾವರಗಳ ವಿಕಿರಣ ಕಸವನ್ನು ನೆಲದಾಳದ ಬಂಡೆಯೊಳಗೆ ಹೂಳಬಹುದೇ? ಅದನ್ನು ತಿಳಿಯಲು ಕುರುಗೋಡು, ಸಿರುಗುಪ್ಪದ ಕಡೆ ಹನ್ನೆರಡು ಬೋರು ಕೊರೆದಿದ್ದಾರೆ. ಆಳದ ನೀರಿನಲ್ಲಿ ಉಪ್ಪೆಷ್ಟು, ಯುರೇನಿಯಂ ಎಷ್ಟು ಎಂದು ಬಾಟಲಿಗೆ ಹದಿಮೂರು ಅಂಕಿಗಳಂತೆ ಬರೆದಿಡುವುದು ಈ ನಲವತ್ತೆರಡರ ಹೆಂಗಸು. ವಿಜ್ಞಾನಿಗಳ ಹೆಸರು ವರದಿಯಲ್ಲಿ ಬರುತ್ತದೆ, ಇವರದು ದಿನಗೂಲಿ ಪಟ್ಟಿಯಲ್ಲಿ.

ಮೂರು ವರ್ಷದ ಹಿಂದೆ, ೧೯೮೧ರಲ್ಲಿ, ಇವರೇ ಒಮ್ಮೆ ಎಡವಿದ್ದರು. ಬಾಟಲಿಗೆ ನೀರು ತುಂಬುವ ಗಾಳೆಪ್ಪ ಚೀಟಿಯ ಮೇಲೆ ಕನ್ನಡ ಅಂಕಿ ಬರೆಯುತ್ತಿದ್ದರು. ಅವರ ೯ ಇವರ ಕಣ್ಣಿಗೆ ೬ ಆಗಿ ಕಂಡಿತು. ತಿಂಗಳ ಪರೀಕ್ಷೆಯೆಲ್ಲ ಮಣ್ಣುಪಾಲು. ಅಂದಿನಿಂದ ಬೋರಿನ ನಂಬರನ್ನು ಅಕ್ಷರದಲ್ಲೇ ಬರೆಯಬೇಕು ಎಂದು ಪಟ್ಟು ಹಿಡಿದರು. "ಬಯ್ಕೊಂತ ಬರದ ಗಾಳೆಪ್ಪ. ಆದ್ರ ಬರದ" ಎಂದು ನಗುತ್ತಾರೆ.

ಈ ವರ್ಷ ಮಳೆ ಬಿದ್ದ ಹದಿನೈದೇ ದಿನಕ್ಕೆ ಕುರುಗೋಡಿನ ಒಂಬತ್ತನೇ ಬೋರಿನಲ್ಲಿ ಆಳದ ನೀರಿನ ಉಪ್ಪು ಅರ್ಧಕ್ಕಿಳಿಯಿತು. ಅಂದರೆ ಬಂಡೆಯ ಬಿರುಕಿನಲ್ಲಿ ಮಳೆನೀರು ಇಳಿಯುತ್ತಿದೆ. ಅಲ್ಲಿ ಕಸ ಹೂತರೆ ಅದರ ವಿಷ ಊರಿನ ಬಾವಿಗೂ ಬರಬಹುದು. ಆದರೆ ಮೇಲಿನವರ ಕಣ್ಣಿರುವುದೇ ಆ ಜಾಗದ ಮೇಲೆ. ಸಿರುಗುಪ್ಪದ ಆರನೇ ಬೋರನ್ನು ಮೊದಲೇ ಕೈಬಿಟ್ಟಾಗಿದೆ, ಅಲ್ಲಿ ಏನು ಬರೆದರೂ ಯಾರಿಗೂ ತೊಂದರೆಯಿಲ್ಲ. 'ಹಳೇ ತಪ್ಪೇ ಮತ್ತೆ ಮಾಡಿದ್ದೀಯ, ಒಂಬತ್ತು ಹೊಡೆದು ಆರು ಮಾಡು' ಎಂದರಂತೆ ಪ್ರಯೋಗಾಲಯದ ಮುಖ್ಯಸ್ಥ ಸಾಹೇಬರು. ಅಕ್ಕನಾಗಮ್ಮ ಬಾಟಲಿಯನ್ನೇ ತಂದು ಅವರ ಮೇಜಿನ ಮೇಲಿಟ್ಟರು. ಚೀಟಿಯ ಮೇಲೆ ಗಾಳೆಪ್ಪನವರ ಸೊಟ್ಟ ಅಕ್ಷರದಲ್ಲಿ 'ಒಂಬತ್ತು' ಎಂದಿತ್ತು.

"ಇದನ್ನ ಆರು ಅಂತ ಹೆಂಗ ಓದ್ಲಿ, ನೀವ ಓದಿ ತೋರಸ್ರಿ ಅಂದೆ. ಸಿಟ್ಟಿಗೆದ್ರು. ನಾಳಿಂದ ಬರಬ್ಯಾಡ ಅಂದ್ರು. ಬಂದೀನಿ ನೋಡ್ರಿ."

ಆ ಮಾತಾಗಿ ಇಂದಿಗೆ ಹನ್ನೊಂದು ದಿನ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ, ಕೂಲಿಯೂ ಇಲ್ಲ. ಆದರೂ ಕಾವಲಿನ ಕಾಡಸಿದ್ದಪ್ಪ ದಿನಾ ಬೀಗ ತೆಗೆಯುತ್ತಾರೆ, ಇವರು ಒಳಗೆ ಹೋಗಿ ರಿಜಿಸ್ಟರ್ ತೆರೆಯುತ್ತಾರೆ. ನಿಮಗೆ ಏನಾಗಬೇಕು ಎಂದು ಕೇಳಿದೆ.

"ಒಂಬತ್ತರ ನೀರು ಬ್ಯಾರೆ ಕಡಿ ಕಳಿಸ್ಲಿ, ಇನ್ನೊಬ್ರು ನೋಡ್ಲಿ. ನಂದು ತಪ್ಪು ಅಂತ ನೀರು ಹೇಳಿದ್ರ ಗೆರಿ ನಾನ ಹೊಡೀತೀನಿ. ಸಾಹೇಬ್ರು ಹೇಳಿದ್ರ ಹೊಡಿಯಂಗಿಲ್ಲ."